ಕೆಳದವಡೆಯ ಎಲುಬಿಗೆ ಗ್ರಾಫ್ಟ್, ಜೊತೆಗೆ ಬೆಳಕಿನ ಚಿಕಿತ್ಸೆ: ಹುಬ್ಬಳ್ಳಿಯ ಒಂದು ಪ್ರಕರಣ ಅಧ್ಯಯನ

ಇದು ಕಲಿಕೆಗಾಗಿ ಕಟ್ಟಿದ ಪ್ರಕರಣ. ಎಲುಬು ಕರಗಿದ ಜಾಗಕ್ಕೆ ಎಲುಬಿನಂಥ ಪುಡಿ ತುಂಬುವುದು ಗ್ರಾಫ್ಟ್; ಅದು ಬೇಗ ಹಿಡಿಯಲೆಂದು ಮೇಲಿಂದ ಕಡಿಮೆ ಶಕ್ತಿಯ ಲೇಸರ್ ಹಿಡಿಯುವುದು ಬೆಳಕಿನ ಚಿಕಿತ್ಸೆ. ಹುಬ್ಬಳ್ಳಿ-ಧಾರವಾಡದ ದಂತ ಶಸ್ತ್ರಚಿಕಿತ್ಸೆಯ ಕುರ್ಚಿಗೆ ಮತ್ತೆ ಮತ್ತೆ ಬರುವ ತೊಡಕುಗಳನ್ನು ಒಬ್ಬ ರೋಗಿಯ ಸುತ್ತ ಸೇರಿಸಿದ್ದೇವೆ. ಅಳತೆ, ಡೋಸು, ದಿನಗಳ ಲೆಕ್ಕವನ್ನು ಪೂರ್ತಿ ಕೊಟ್ಟಿದ್ದೇವೆ. ಲೇಸರ್ ಹಿಡಿದವರು ಬರೆಯುವ ವರದಿಗಳಲ್ಲಿ ಹೆಚ್ಚಾಗಿ ಕಾಣೆಯಾಗುವುದು ಈ ಲೆಕ್ಕವೇ. "ಲೇಸರ್ ಕೊಡಲಾಯಿತು" ಎಂದಷ್ಟೇ ಬರೆದರೆ ಓದುವ ಇನ್ನೊಬ್ಬ ವೈದ್ಯರಿಗೆ ಏನೂ ಸಿಗುವುದಿಲ್ಲ.

ರೋಗಿ

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ 47 ವರ್ಷದ ರೈತ ಮಹಿಳೆ. ಕೆಳದವಡೆಯ ಬಲಬದಿಯ ಮೊದಲ ದೊಡ್ಡ ಹಲ್ಲು ಮುರಿದು, ಎರಡು ವರ್ಷದಿಂದ ಬೇರುಗಳಷ್ಟೇ ಉಳಿದಿವೆ. ಒಸಡಿನ ಮೇಲೆ ಗುಳ್ಳೆ ಏಳುವುದು, ಕೀವು ಸೋರಿ ಇಳಿಯುವುದು, ಮತ್ತೆ ಏಳುವುದು ನಡೆದೇ ಇದೆ. ಐದು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮಾತ್ರೆ. ಮೊದಲ ಭೇಟಿಯಲ್ಲಿ ಎಚ್‌ಬಿಎ1ಸಿ (ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ) 8.6. ಬೆಳಿಗ್ಗೆ ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವ ರೂಢಿ. ಪೂರ್ತಿ ಸಸ್ಯಾಹಾರಿ.

ಮುಂದಿನ ಹಲ್ಲುಗಳ ಮೇಲೆ ಫ್ಲೋರೈಡಿನ ಕಂದು ಕಲೆಗಳಿವೆ. ಮುಂಡರಗಿ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರಲ್ಲಿ ಇದು ಸಾಮಾನ್ಯ. ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾಗಿತ್ತು ಎಂಬುದನ್ನು ಮಾತ್ರ ಈ ಕಲೆ ಹೇಳುತ್ತದೆ, ಎಲುಬಿನ ಸ್ಥಿತಿಯನ್ನಲ್ಲ. ಆದ್ದರಿಂದ ಬೆನ್ನು ಬಿಗಿಯುವುದು, ಕುತ್ತಿಗೆ ತಿರುಗಿಸಲಾಗದಿರುವುದು ಇದೆಯೇ ಎಂದು ಬೇರೆಯಾಗಿ ಕೇಳಬೇಕು. ಆಕೆಗೆ ಇರಲಿಲ್ಲ. ಎಲುಬು ಸವೆತಕ್ಕೆ ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಅಥವಾ ವಾರಕ್ಕೊಮ್ಮೆ ನುಂಗುವ ಮಾತ್ರೆ ತಗೊಂಡಿದ್ದಾರೆಯೇ ಎಂಬುದನ್ನೂ ಬಿಡದೆ ಕೇಳಬೇಕು. ಅಂಥ ಔಷಧಿ ನಡೆದಿದ್ದರೆ ದವಡೆಯ ಎಲುಬು ಮುಟ್ಟುವ ನಿರ್ಧಾರವೇ ಬದಲಾಗುತ್ತದೆ. ಅದೂ ಇರಲಿಲ್ಲ.

ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನಿನಲ್ಲಿ ಮುಂದಿನ ಬೇರಿನ ಎದುರಿಗೆ ಕೆನ್ನೆಕಡೆಯ ಎಲುಬಿನ ಗೋಡೆ 7 ಮಿ.ಮೀ. ಎತ್ತರಕ್ಕೆ ಕರಗಿಹೋಗಿತ್ತು. ಬೇರಿನ ತುದಿಯಲ್ಲಿ 6 × 5 ಮಿ.ಮೀ. ಕಪ್ಪು ಮಚ್ಚೆ. ಅದರ ಕೆಳಗೆ ನರದ ಕಾಲುವೆಗೆ 4 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಂತರ.

ಆಕೆಗೆ ಬೇಕಿದ್ದದ್ದು ಅಲ್ಲಾಡದ ಒಂದು ಹಲ್ಲು. ಅಂದರೆ ಎಲುಬಿಗೆ ಕೂರಿಸುವ ತಿರುಪಿನ (ಇಂಪ್ಲಾಂಟ್) ಮೇಲೆ ನಿಲ್ಲುವ ಹಲ್ಲು, ಅದಕ್ಕೆ ಮೊದಲು ಸಾಕಷ್ಟು ಎಲುಬು ಬೇಕು. ಯಾರೋ ಬೆಳಕಿನ ವಿಷಯ ಹೇಳಿದ್ದರು. ಕೇಳಿದ ಪ್ರಶ್ನೆ ನೇರವಾಗಿತ್ತು: "ಡಾಕ್ಟರ್ರ, ಆ ಲೈಟ್ ಹಿಡದ್ರ ಎಲುಬು ತಾನ ಬೆಳಿತೈತೇನ್ರಿ?" ಉತ್ತರವೂ ಅಷ್ಟೇ ನೇರ ಇರಬೇಕು: "ಇಲ್ರಿ ಅಕ್ಕಾರ. ಎಲುಬು ಬೆಳೆಸೂದು ನಿಮ್ಮ ರಕ್ತ. ಗ್ರಾಫ್ಟ್ ಅಂದ್ರ ಬಳ್ಳಿಗೆ ಹಾಕಿದ ಹಂದರ ಇದ್ದಂಗ. ಲೈಟ್ ಆ ಬಳ್ಳಿಗೆ ಒಂದೀಟು ಹುರುಪು ಕೊಡಬಹುದು, ಅಷ್ಟ." ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಇಷ್ಟು ಸ್ಪಷ್ಟವಾಗದಿದ್ದರೆ ಆಮೇಲೆ ಬರುವ ನಿರಾಸೆಗೆ ವೈದ್ಯರೇ ಹೊಣೆ.

ಎರಡು ಹಂತ ಏಕೆ

ಹಲ್ಲು ಕಿತ್ತ ದಿನವೇ ಕುಳಿ ತುಂಬಿದರೆ ಎಲುಬು ಕುಗ್ಗುವುದು ಕಡಿಮೆ. ಖಾಲಿ ಬಿಟ್ಟರೆ ಆರು ತಿಂಗಳಲ್ಲಿ ಅಗಲದಲ್ಲಿ ಸರಾಸರಿ 3.8 ಮಿ.ಮೀ., ಎತ್ತರದಲ್ಲಿ 1.2 ಮಿ.ಮೀ.ಯಷ್ಟು ಹೋಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಇದು ಗೊತ್ತಿದ್ದೂ ಇಲ್ಲಿ ಕಾಯುವ ದಾರಿ ಹಿಡಿದೆವು. ಕೀವು ಸೋರುತ್ತಿದ್ದ ಜಾಗ, ಹತೋಟಿಯಲ್ಲಿಲ್ಲದ ಸಕ್ಕರೆ, ಕೆನ್ನೆಕಡೆಯ ಗೋಡೆಯೇ ಇಲ್ಲ, ಮುಚ್ಚಲು ಸಾಕಷ್ಟು ಒಸಡೂ ಇಲ್ಲ. ಈ ನಾಲ್ಕೂ ಒಂದೆಡೆ ಇದ್ದಾಗ ಅದೇ ದಿನದ ಗ್ರಾಫ್ಟ್ ಎಂದರೆ ಸೋಂಕಿಗೆ ಮನೆ ಕಟ್ಟಿಕೊಟ್ಟಂತೆ.

ಐದನೆಯ ಕಾರಣ ಬೆಳಕಿಗೇ ಸಂಬಂಧಿಸಿದ್ದು, ಮತ್ತು ಇದನ್ನು ಬಹಳ ಜನ ಮರೆಯುತ್ತಾರೆ. ಬೇರಿನ ತುದಿಯ ಕಪ್ಪು ಮಚ್ಚೆ ಏನೆಂದು ಸೂಕ್ಷ್ಮದರ್ಶಕದ ಕೆಳಗೆ ನೋಡುವವರೆಗೆ ಖಚಿತವಿಲ್ಲ. ಜೀವಕೋಶಗಳನ್ನು ಹುರಿದುಂಬಿಸುವ ಬೆಳಕನ್ನು ರೋಗ ಗುರುತಾಗದ ಅಂಗಾಂಶದ ಮೇಲೆ ಹಿಡಿಯಬಾರದು. ಇತ್ತ ಬೆಳಕಿನಿಂದ ಏನಾದರೂ ಲಾಭವಿದ್ದರೆ ಅದು ಗ್ರಾಫ್ಟ್ ಇಟ್ಟ ಮೊದಲ ಎರಡು ವಾರದಲ್ಲಿ, ಹೊಸ ರಕ್ತನಾಳಗಳು ಚಿಗುರುವಾಗ. ಒಂದೇ ದಿನ ಕಿತ್ತು, ತುಂಬಿ, ಬಯಾಪ್ಸಿ ವರದಿಗಾಗಿ ಒಂದು ವಾರ ಕಾದರೆ ಆ ಹೊತ್ತಿನಲ್ಲಿ ಅರ್ಧ ಕೈತಪ್ಪುತ್ತದೆ. ಎರಡು ಹಂತ ಮಾಡಿದರೆ ಈ ಇಕ್ಕಟ್ಟೇ ಇಲ್ಲ.

ಮೊದಲ ಹಂತದಲ್ಲಿ ಬೇರುಗಳನ್ನು ಬೇರ್ಪಡಿಸಿ, ಒಂದೊಂದನ್ನೇ ಸಡಿಲಿಸಿ ತೆಗೆದು, ಕುಳಿಯನ್ನು ಗಟ್ಟಿ ಎಲುಬು ತಾಗುವವರೆಗೆ ಕೆರೆದು, ಸಲೈನಿನಿಂದ ತೊಳೆಯಲಾಯಿತು. ಕೆರೆದು ತೆಗೆದ ಅಂಗಾಂಶ 10 ಪರ್ಸೆಂಟ್ ಫಾರ್ಮಲಿನ್‌ನಲ್ಲಿ ಲ್ಯಾಬಿಗೆ ಹೋಯಿತು. ಅಂಗಾಂಶದ ಹತ್ತುಪಟ್ಟಾದರೂ ದ್ರವ ಇರಬೇಕು, ಚಿಕ್ಕ ಬಾಟಲಿಯ ತಳದಲ್ಲಿ ಒಂದಿಷ್ಟು ಹಾಕಿ ಕಳಿಸಿದರೆ ತುಣುಕು ಕೊಳೆಯುತ್ತದೆ. ಅಮಾಕ್ಸಿಸಿಲಿನ್ 500 ಮಿ.ಗ್ರಾಂ. ಮತ್ತು ಮೆಟ್ರೊನಿಡಜೋಲ್ 400 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಐದು ದಿನ. ವರದಿಯಲ್ಲಿ ಬಂದದ್ದು ಬೇರಿನ ತುದಿಯ ಉರಿಯೂತದ ಗಂತಿ, ಬೇರೇನೂ ಇಲ್ಲ.

ಎಂಟು ವಾರ ಕಾದೆವು. ಈ ಅವಧಿಯಲ್ಲಿ ಫಿಜಿಶಿಯನ್ ಸಕ್ಕರೆಗೆ ಎರಡನೆಯ ಮಾತ್ರೆ ಸೇರಿಸಿದರು, ಎಚ್‌ಬಿಎ1ಸಿ 7.5ಕ್ಕೆ ಇಳಿಯಿತು. ತಂಬಾಕಿನ ಪುಡಿ ಬಿಟ್ಟರು. ಒಸಡು ಪೂರ್ತಿ ಮುಚ್ಚಿಕೊಂಡಿತು. ಆದರೆ ಹಲ್ಲಿದ್ದ ಜಾಗದ ಎಲುಬಿನ ದಿಬ್ಬದ ಅಗಲ 4.5 ಮಿ.ಮೀ.ಗೆ ಇಳಿದಿತ್ತು. ಕಾದದ್ದಕ್ಕೆ ತೆತ್ತ ಬೆಲೆ ಇದು.

ಯಾವ ಗ್ರಾಫ್ಟ್, ಎಷ್ಟು

ಇಲ್ಲಿ ಆಯ್ಕೆಯನ್ನು ಮೊದಲು ನಿರ್ಧರಿಸಿದ್ದು ರೋಗಿಯ ಮಾತು. ಮಾರುಕಟ್ಟೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಎಲುಬಿನ ಪುಡಿ ಹಸುವಿನ ಎಲುಬಿನಿಂದ ಬರುತ್ತದೆ. ಗ್ರಾಫ್ಟ್ ಮೇಲೆ ಹೊದಿಸುವ ಕೊಲಾಜೆನ್ ಪೊರೆಗಳು ದನದ್ದು ಇಲ್ಲವೇ ಹಂದಿಯದು. ನಮ್ಮ ಭಾಗದಲ್ಲಿ ಲಿಂಗಾಯತ, ಜೈನ, ಬ್ರಾಹ್ಮಣ ಮನೆತನದವರಷ್ಟೇ ಅಲ್ಲ, ಮುಸ್ಲಿಂ ರೋಗಿಗಳಿಗೂ ಇದನ್ನು ಮೊದಲೇ ಬಿಡಿಸಿ ಹೇಳಬೇಕು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿದೆ ಎಂಬುದು ಒಪ್ಪಿಗೆಯಾಗುವುದಿಲ್ಲ. ಈ ರೋಗಿ ಎರಡನ್ನೂ ಬೇಡವೆಂದರು.

ಹಾಗಾಗಿ ಕೃತಕ ಕ್ಯಾಲ್ಸಿಯಂ ಫಾಸ್ಫೇಟ್: 60 ಪಾಲು ಹೈಡ್ರಾಕ್ಸಿಅಪಟೈಟ್, 40 ಪಾಲು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಹರಳಿನ ಗಾತ್ರ 0.5ರಿಂದ 1 ಮಿ.ಮೀ. ಎರಡನೆಯದು ತಿಂಗಳುಗಳಲ್ಲಿ ಕರಗಿ ಹೊಸ ಎಲುಬಿಗೆ ಜಾಗ ಬಿಡುತ್ತದೆ, ಮೊದಲನೆಯದು ವರ್ಷಗಟ್ಟಲೆ ಉಳಿದು ಆಕಾರ ಹಿಡಿಯುತ್ತದೆ. ಹರಳು ಇದಕ್ಕಿಂತ ತೀರ ಸಣ್ಣದಾದರೆ ನಡುವೆ ರಕ್ತನಾಳ ನುಗ್ಗಲು ಸಂದಿಯೇ ಇರುವುದಿಲ್ಲ.

ಆದರೆ ಈ ಹರಳುಗಳು ಹಂದರ ಮಾತ್ರ. ಇವುಗಳಲ್ಲಿ ಜೀವಕೋಶವೂ ಇಲ್ಲ, ಎಲುಬು ಹುಟ್ಟಿಸುವ ಪ್ರೋಟೀನೂ ಇಲ್ಲ. ಖನಿಜ ತೆಗೆದ ಎಲುಬಿನಲ್ಲಿ ಅಂಥ ಶಕ್ತಿ ಇದೆ ಎಂದು ಅಮೆರಿಕದ ಮೂಳೆವೈದ್ಯ ಮಾರ್ಷಲ್ ಯುರಿಸ್ಟ್ 1965ರಲ್ಲೇ ತೋರಿಸಿದ್ದರು. ಕೃತಕ ಪುಡಿಗೆ ಆ ಕೊರತೆ ತುಂಬಲು ರೋಗಿಯ ಎಲುಬನ್ನೇ ಸ್ವಲ್ಪ ಬೆರೆಸಬೇಕು. ಅದೇ ಶಸ್ತ್ರಕ್ರಿಯೆಯ ಜಾಗದ ಹಿಂಭಾಗದಿಂದ ಸ್ಕ್ರೇಪರಿನಲ್ಲಿ ತೆಳ್ಳಗೆ ಹೆರೆದರೆ ಸಾಕು.

ಲೆಕ್ಕ ಹೀಗೆ: ತುಂಬಬೇಕಾದ ಜಾಗ 9 ಮಿ.ಮೀ. ಉದ್ದ, 4 ಮಿ.ಮೀ. ಅಗಲ, 7 ಮಿ.ಮೀ. ಎತ್ತರ. ಅಂದರೆ 252 ಘನ ಮಿ.ಮೀ., ಸುಮಾರು ಕಾಲು ಸಿಸಿ. ಒಸಡಿನ ಒತ್ತಡಕ್ಕೆ ಕುಗ್ಗುವುದನ್ನು ಸೇರಿಸಿ 0.4 ಸಿಸಿ: ಕೃತಕ ಹರಳು 0.25, ಸ್ವಂತ ಎಲುಬಿನ ಹೆರೆ 0.15. ದುಬಾರಿ ಡಬ್ಬಿ ಒಡೆದಿದ್ದೇವೆಂದು ಉಳಿದದ್ದನ್ನೂ ತುರುಕುವ ಅಭ್ಯಾಸ ಕೆಟ್ಟದ್ದು. ಒತ್ತಿ ತುಂಬಿದ ಗ್ರಾಫ್ಟ್‌ನ ನಡುಭಾಗಕ್ಕೆ ರಕ್ತ ಮುಟ್ಟುವುದಿಲ್ಲ, ಆರು ತಿಂಗಳ ನಂತರ ತೆರೆದರೆ ಮರಳು ಸಿಗುತ್ತದೆ.

ಪಿಆರ್‌ಎಫ್: ತಿರುಗುವ ವೇಗಕ್ಕಿಂತ ತ್ರಿಜ್ಯ ಮುಖ್ಯ

ರೋಗಿಯ ರಕ್ತದಿಂದ ತೆಗೆಯುವ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ನಾರು) ಗಂಟು, ಪಿಆರ್‌ಎಫ್, ಫ್ರಾನ್ಸಿನ ಜೋಸೆಫ್ ಶುಕ್ರೂನ್ 2001ರಲ್ಲಿ ಮುಂದಿಟ್ಟ ವಿಧಾನ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಯಾವುದನ್ನೂ ಸೇರಿಸದ ನಾಲ್ಕು 10 ಮಿ.ಲೀ. ಟ್ಯೂಬುಗಳು, ಅವನ್ನು ವೇಗವಾಗಿ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ 2700 ಆರ್‌ಪಿಎಂ (ನಿಮಿಷಕ್ಕೆ ಸುತ್ತು), 12 ನಿಮಿಷ. ಎಲ್ಲೆಡೆ ಕಾಣುವ ಈ ಸೂತ್ರದಲ್ಲಿ ಒಂದು ಕುಂದಿದೆ. ರಕ್ತದ ಮೇಲೆ ಬೀಳುವ ಬಲ ತಿರುಗುವ ವೇಗದ ಜೊತೆಗೆ ರೋಟರಿನ ತ್ರಿಜ್ಯವನ್ನೂ ಅವಲಂಬಿಸಿದೆ. 2700 ಆರ್‌ಪಿಎಂನಲ್ಲಿ 5 ಸೆಂ.ಮೀ. ತ್ರಿಜ್ಯಕ್ಕೆ ಗುರುತ್ವದ ಸುಮಾರು 400 ಪಟ್ಟು ಬಲ. 9 ಸೆಂ.ಮೀ. ತ್ರಿಜ್ಯಕ್ಕೆ ಅದೇ ವೇಗದಲ್ಲಿ 730 ಪಟ್ಟು. ಬಲ ಹೆಚ್ಚಿದರೆ ಬಿಳಿ ರಕ್ತಕಣಗಳು ಕೆಳಗಿನ ಕೆಂಪು ಪದರದ ಕಡೆಗೆ ಇಳಿಯುತ್ತವೆ, ಮೇಲಿನ ಗಂಟಿನಲ್ಲಿ ಬೇಕಾದ್ದು ಕಡಿಮೆ ಉಳಿಯುತ್ತದೆ. ಹಳೆ ಲ್ಯಾಬಿನ ದೊಡ್ಡ ಸೆಂಟ್ರಿಫ್ಯೂಜ್ ತಂದಿಟ್ಟುಕೊಂಡವರು ಸ್ಕೇಲ್ ಹಿಡಿದು ತ್ರಿಜ್ಯ ಅಳೆದು ವೇಗ ಇಳಿಸಿಕೊಳ್ಳಬೇಕು.

ರಕ್ತ ಎಳೆದ ಒಂದೆರಡು ನಿಮಿಷದೊಳಗೆ ಯಂತ್ರ ತಿರುಗುತ್ತಿರಬೇಕು. ತಡವಾದರೆ ಟ್ಯೂಬಿನೊಳಗೇ ರಕ್ತ ಹೆಪ್ಪಾಗಿ, ಪದರ ಬೇರಾಗದೆ ಕೆಂಪು ಮುದ್ದೆ ಸಿಗುತ್ತದೆ. ನಡುವೆ ಕರೆಂಟ್ ಹೋದರೂ ಅದೇ ಗತಿ, ಆ ಟ್ಯೂಬುಗಳನ್ನು ಮತ್ತೆ ತಿರುಗಿಸಿ ಪ್ರಯೋಜನವಿಲ್ಲ. ಸೆಂಟ್ರಿಫ್ಯೂಜನ್ನು ಯುಪಿಎಸ್ ಸಾಲಿಗೆ ಹಾಕಿರುವುದು ಕಂಪ್ಯೂಟರನ್ನು ಹಾಕಿರುವುದಕ್ಕಿಂತ ಮುಖ್ಯ.

ನಾಲ್ಕು ಗಂಟುಗಳಲ್ಲಿ ಎರಡನ್ನು ಸಣ್ಣಗೆ ಕತ್ತರಿಸಿ ಹರಳಿನಲ್ಲಿ ಕಲಸಲಾಯಿತು. ಉದುರುವ ಪುಡಿ ಇದರಿಂದ ಅಂಟಾಗಿ ಕೈಗೆ ಬರುತ್ತದೆ. ಇನ್ನೆರಡನ್ನು ಚಪ್ಪಟೆ ಮಾಡಿ, ಕರಗುವ ಕೃತಕ ಪಾಲಿಮರ್ ಪೊರೆಯ ಮೇಲೆ ಹೊದಿಸಲಾಯಿತು. ಪಿಆರ್‌ಎಫ್ ಒಂದನ್ನೇ ಪೊರೆಯಾಗಿ ನಂಬುವಂತಿಲ್ಲ. ಒಂದೆರಡು ವಾರದಲ್ಲಿ ಅದು ಕರಗುತ್ತದೆ, ಒಸಡಿನ ಕೋಶಗಳು ಒಳಗೆ ಇಳಿಯದಂತೆ ತಡೆಯಬೇಕಾದ ಕಾಲ ಅದಕ್ಕಿಂತ ಉದ್ದ.

ಶಸ್ತ್ರಕ್ರಿಯೆ

ಲಿಗ್ನೊಕೇನ್ 2 ಪರ್ಸೆಂಟ್, ಅಡ್ರಿನಲಿನ್ 1:80,000. ದಿಬ್ಬದ ನಡುವೆ ಗಟ್ಟಿ ಒಸಡಿನಲ್ಲಿ ಸೀಳು. ಒಸಡನ್ನು ಸಡಿಲಿಸುವ ಲಂಬ ಸೀಳನ್ನು ಹಿಂದಿನ ಹಲ್ಲಿನ ಕಡೆ ಇಟ್ಟೆವು. ಮುಂದಿನ ಕಡೆ ಕಿರುದವಡೆ ಹಲ್ಲುಗಳ ಕೆಳಗೆ ತುಟಿಗೆ ಹೋಗುವ ನರ ಹೊರಬರುತ್ತದೆ, ಅಲ್ಲಿ ಕೈ ತಪ್ಪಿದರೆ ರೋಗಿಯ ಕೆಳತುಟಿ ಮರಗಟ್ಟಿಬಿಡಬಹುದು. ಎಲುಬಿನ ಮೇಲ್ಮೈಗೆ 1 ಮಿ.ಮೀ. ಬರ್‌ನಿಂದ, ಸಲೈನ್ ಸುರಿಯುತ್ತಲೇ, ರಕ್ತ ಜಿನುಗುವವರೆಗೆ ಆರು ತೂತು. ರಕ್ತ ಬರದ ಎಲುಬಿನ ಮೇಲೆ ಎಂಥ ಗ್ರಾಫ್ಟ್ ಇಟ್ಟರೂ, ಯಾವ ಬೆಳಕು ಹಿಡಿದರೂ ಫಲವಿಲ್ಲ.

ಪೊರೆಯನ್ನು ಖಾಲಿ ಜಾಗದ ಅಂಚು ದಾಟಿ ಸುತ್ತಲೂ 2–3 ಮಿ.ಮೀ. ಬರುವಂತೆ ಕತ್ತರಿಸಿ, ಕರಗುವ 5-0 ದಾರದಲ್ಲಿ ಎಲುಬಿನ ಹೊದಿಕೆಗೆ ಬಿಗಿಯಲಾಯಿತು. ಹರಳು ಅಲುಗಿದರೆ ಎಲುಬಿನ ಬದಲು ನಾರು ಬೆಳೆಯುತ್ತದೆ. ಟೈಟೇನಿಯಂ ಜಾಲರಿ ಹಾಕುವ ದಾರಿಯೂ ಇತ್ತು. ಆದರೆ ಲೋಹದ ಎಳೆಗಳು ಬೆಳಕಿಗೆ ಅಡ್ಡ ನಿಲ್ಲುತ್ತವೆ, ಇಷ್ಟು ಚಿಕ್ಕ ಜಾಗಕ್ಕೆ ಅದರ ಅಗತ್ಯವೂ ಇರಲಿಲ್ಲ.

ಒಸಡಿನ ಒಳಮೈಯ ಹೊದಿಕೆಯನ್ನು ಅರ್ಧ ಮಿ.ಮೀ. ಆಳಕ್ಕೆ ಗೀರಿ ಸಡಿಲಿಸಿ, ಎಳೆಯದೆಯೇ ಎದುರಂಚಿನ ಮೇಲೆ 5 ಮಿ.ಮೀ. ದಾಟಿ ಕೂರುತ್ತದೆಯೇ ಎಂದು ನೋಡಬೇಕು. ಇಲ್ಲಿ ದಾಟಿದ್ದು 3 ಮಿ.ಮೀ. ಮಾತ್ರ. ಹೊಲಿಗೆ ಕೂತಿತು, ಸಾಕೆಂದು ಬಿಟ್ಟದ್ದು ಈ ಪ್ರಕರಣದ ತಪ್ಪು. ಅದರ ಫಲ ಹತ್ತನೆಯ ದಿನ ಕಾಣಿಸಿತು.

ಬೆಳಕು: ಪರದೆಯ ಮೇಲಿನ ಸಂಖ್ಯೆ ಡೋಸಲ್ಲ

ಈ ಚಿಕಿತ್ಸೆಯ ಮೂಲ 1967ರ ಬುಡಾಪೆಸ್ಟ್. ಎಂಡ್ರೆ ಮೆಸ್ಟರ್ ಬೋಳಿಸಿದ ಇಲಿಗಳ ಮೇಲೆ ರೂಬಿ ಲೇಸರ್ ಹಿಡಿದಾಗ ಆ ಜಾಗದಲ್ಲಿ ಕೂದಲು ಬೇಗ ಬಂತು. ಇಂದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆಯಂತೆ ಕೆಂಪು ಮತ್ತು ಸಮೀಪದ ಅವಗೆಂಪು ಬೆಳಕನ್ನು ಮೈಟೊಕಾಂಡ್ರಿಯಾದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಹೀರುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಹೆಚ್ಚುತ್ತದೆ, ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ರಕ್ತದ ಹರಿವು ಸುಧಾರಿಸುತ್ತದೆ. ತರಂಗಾಂತರ 600 ನ್ಯಾನೋಮೀಟರಿಗಿಂತ ಕೆಳಗಿದ್ದರೆ ರಕ್ತದ ಹಿಮೋಗ್ಲೋಬಿನ್ನೇ ಬೆಳಕನ್ನು ನುಂಗುತ್ತದೆ. 1000 ಸಮೀಪಿಸಿದಂತೆ ನೀರು ಹೀರತೊಡಗುತ್ತದೆ. ಎಲುಬಿನ ಆಳಕ್ಕೆ ಇಳಿಯಬೇಕಾದ ಬೆಳಕನ್ನು ಈ ಎರಡರ ನಡುವೆ ಆರಿಸಬೇಕು. ಇಲ್ಲಿ ಬಳಸಿದ್ದು 810 ನ್ಯಾನೋಮೀಟರ್ ಡಯೋಡ್ ಲೇಸರ್, ನಿರಂತರ ಬೆಳಕು.

ಯಂತ್ರದ ಪರದೆ 100 ಮಿಲಿವ್ಯಾಟ್ ತೋರಿಸುತ್ತಿತ್ತು. ಹ್ಯಾಂಡ್‌ಪೀಸಿನ ತುದಿಯನ್ನು ಪವರ್ ಮೀಟರಿಗೆ ಹಿಡಿದಾಗ ಅಷ್ಟೇ ಬಂತು. ಆದರೆ ಬಾಯಿಯೊಳಗೆ ಬರಿ ತುದಿ ಇಡುವಂತಿಲ್ಲ, ಸೋಂಕು ತಡೆಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಬೇಕು. ಎರಡು ಪದರ ಸುತ್ತಿ ಅಳೆದಾಗ ಉಳಿದದ್ದು 84. ಹೊದಿಕೆ ಸುಕ್ಕಾಗಿದ್ದರೆ, ಮಸೂರಕ್ಕೆ ಒಣಗಿದ ಎಂಜಲೋ ಸ್ಪಿರಿಟಿನ ಕಲೆಯೋ ಇದ್ದರೆ ಇನ್ನೂ ಇಳಿಯುತ್ತದೆ. ಅಳತೆಯನ್ನು ಹೊದಿಕೆ ಸಮೇತ ಮಾಡಬೇಕು, ಪ್ರತಿ ರೋಗಿಯ ಸರಣಿ ಆರಂಭಿಸುವ ಮುನ್ನ ಮಾಡಬೇಕು. ಪವರ್ ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ತಕ್ಕಡಿ ಇಲ್ಲದೆ ಅಂಗಡಿ ಇಟ್ಟಂತೆ.

ಗುರಿ ಒಂದು ಬಿಂದುವಿಗೆ 4 ಜೂಲ್. ಶಕ್ತಿ ಎಂದರೆ ಪವರ್ ಗುಣಿಸು ಸಮಯ. 100 ಮಿಲಿವ್ಯಾಟ್ ಎಂದುಕೊಂಡಿದ್ದರೆ 40 ಸೆಕೆಂಡ್ ಸಾಕಿತ್ತು. ನಿಜವಾದ 84ಕ್ಕೆ 48 ಸೆಕೆಂಡ್ ಬೇಕು. ತುದಿಯ ವ್ಯಾಸ 8 ಮಿ.ಮೀ., ಅಂದರೆ ಅರ್ಧ ಚದರ ಸೆಂ.ಮೀ. ಹಾಗಾಗಿ ಮೇಲ್ಮೈಯಲ್ಲಿ ಚದರ ಸೆಂ.ಮೀ.ಗೆ 8 ಜೂಲ್. ಕೆನ್ನೆಕಡೆ ಒಂದು, ನಾಲಿಗೆಕಡೆ ಒಂದು, ದಿಬ್ಬದ ಮೇಲೊಂದು, ಮೂರು ಬಿಂದುಗಳಿಂದ ಒಂದು ಸರದಿಗೆ 12 ಜೂಲ್. ದಾಖಲೆಯಲ್ಲಿ ತರಂಗಾಂತರ, ಹೊದಿಕೆಯ ನಂತರದ ಪವರ್, ತುದಿಯ ವಿಸ್ತೀರ್ಣ, ಬಿಂದುವಿನ ಸಮಯ, ಬಿಂದುಗಳ ಸಂಖ್ಯೆ, ದಿನಾಂಕ ಎಲ್ಲವೂ ಇರಬೇಕು. ಒಂದು ಬಿಟ್ಟರೂ ಉಳಿದದ್ದರಿಂದ ಡೋಸು ತೆಗೆಯಲಾಗದು.

ಮೇಲ್ಮೈಯ 8 ಜೂಲ್ ಎಲುಬಿಗೆ ಹಾಗೇ ತಲುಪುವುದಿಲ್ಲ. ಒಸಡು, ಊತದ ನೀರು, ಪೊರೆ, ಬಿಳಿ ಹರಳು ಎಲ್ಲವೂ ಬೆಳಕನ್ನು ಚದುರಿಸುತ್ತವೆ. ಕೆನ್ನೆಯ ಹೊರಗಿನಿಂದ ಹಿಡಿದರೆ ಚರ್ಮದ ಕಪ್ಪು ವರ್ಣಕ, ಕೊಬ್ಬು, ಸ್ನಾಯು ಸೇರಿ ಇನ್ನೂ ನಷ್ಟ. ಆದ್ದರಿಂದ ಬಾಯಿಯೊಳಗಿನಿಂದಲೇ, ತುದಿಯನ್ನು ಒಸಡಿಗೆ ನೆಟ್ಟಗೆ ತಾಗಿಸಿ ಹಿಡಿಯಬೇಕು. ಹೊಲಿಗೆಯ ಸಾಲಿನ ಮೇಲೆ ಮಾತ್ರ ಒತ್ತದೆ 1 ಮಿ.ಮೀ. ಮೇಲೆ. ನಮ್ಮ ಜನರ ಒಸಡು ಹಲವರಲ್ಲಿ ಕಪ್ಪಗಿರುತ್ತದೆ. ವರ್ಣಕ ಹೆಚ್ಚಿದ್ದಲ್ಲಿ ಬೆಳಕು ಮೇಲ್ಪದರದಲ್ಲೇ ಶಾಖವಾಗುತ್ತದೆ. 84 ಮಿಲಿವ್ಯಾಟಿಗೆ ಈ ರೋಗಿಗೆ ಬಿಸಿ ತಿಳಿಯಲಿಲ್ಲ. ಆದರೆ ಒಸಡು ಕತ್ತರಿಸಲು ಇಟ್ಟುಕೊಂಡ ಡಯೋಡನ್ನು 1 ವ್ಯಾಟಿಗೆ ಇಟ್ಟು, ತೆಳು ಫೈಬರ್ ತುದಿಯಿಂದ "ಚಿಕಿತ್ಸೆ" ಕೊಡುವವರಿದ್ದಾರೆ. ಅದು ಸುಡುತ್ತದೆ.

810 ಬೆಳಕು ಕಣ್ಣಿಗೆ ಕಾಣಿಸುವುದೇ ಇಲ್ಲವೆನ್ನಬಹುದು. ಕಾಣದ್ದಕ್ಕೆ ರೆಪ್ಪೆ ಮುಚ್ಚಿಕೊಳ್ಳದು, ಅಕ್ಷಿಪಟಲಕ್ಕೆ ಅಪಾಯ ಅಲ್ಲೇ ಇದೆ. ಆ ತರಂಗಾಂತರಕ್ಕೇ ಗುರುತು ಇರುವ ಕನ್ನಡಕ ವೈದ್ಯರಿಗೆ, ಸಿಸ್ಟರಿಗೆ, ರೋಗಿಗೆ, ಮೂವರಿಗೂ. ಹೊಳೆಯುವ ಸ್ಟೀಲ್ ರಿಟ್ರಾಕ್ಟರ್ ಬದಲು ಪ್ಲಾಸ್ಟಿಕ್.

ಬಿಟ್ಟುಹೋದ ಸರದಿಗಳು

ಯೋಜನೆ: ಶಸ್ತ್ರಕ್ರಿಯೆ ಮುಗಿದ ಕೂಡಲೇ ಒಂದು, ಆಮೇಲೆ ದಿನ ಬಿಟ್ಟು ದಿನ 12ನೆಯ ದಿನದವರೆಗೆ, ಒಟ್ಟು ಏಳು. ಕಾಗದದ ಮೇಲೆ ಸುಲಭ. ಆದರೆ ಮುಂಡರಗಿಯಿಂದ ಗದಗಿಗೆ ಒಂದು ಬಸ್, ಗದಗಿನಿಂದ ಹುಬ್ಬಳ್ಳಿಗೆ ಇನ್ನೊಂದು. ಎರಡೂವರೆ ನಿಮಿಷದ ಬೆಳಕಿಗೆ ಇಡೀ ದಿನ. ಅದೇ ವಾರ ಹೊಲದಲ್ಲಿ ಹೆಸರು ಬಿಡಿಸುವ ಕೆಲಸ ಬಂತು. ಮಳೆ ಬಿದ್ದರೆ ಕಾಯಿ ಕಪ್ಪಾಗುತ್ತದೆ, ಆಳು ಸಿಗುವುದಿಲ್ಲ. 6 ಮತ್ತು 8ನೆಯ ದಿನ ಆಕೆ ಬರಲಿಲ್ಲ.

ಗದಗಿನಲ್ಲೇ ಸರದಿ ಕೊಡಿಸಬಹುದೇ ಎಂಬ ಮಾತು ಬಂತು. ಅಲ್ಲಿ ಸಿಗುತ್ತಿದ್ದ ಯಂತ್ರ 980 ನ್ಯಾನೋಮೀಟರಿನದು. ನೀರು ಅದನ್ನು ಹೆಚ್ಚು ಹೀರುತ್ತದೆ, ತುದಿಯ ವಿಸ್ತೀರ್ಣ ಬೇರೆ, ಅಳೆದ ಪವರ್ ಗೊತ್ತಿಲ್ಲ. ಡೋಸು ಗೊತ್ತಿಲ್ಲದ ಎರಡು ಸರದಿ ಸೇರಿಸುವುದಕ್ಕಿಂತ ಡೋಸು ಗೊತ್ತಿರುವ ಎರಡು ಸರದಿ ಕಳೆದುಕೊಳ್ಳುವುದೇ ಮೇಲು ಎಂದು ನಮ್ಮ ನಿಲುವು.

ಹತ್ತನೆಯ ದಿನ ಬಂದಾಗ "ಎರಡ ಸರ್ತಿದ್ದು ಕೂಡಿಸಿ ಹಿಡದ್ಬಿಡ್ರಿ" ಎಂದರು. ಮಾತ್ರೆ ತಪ್ಪಿಸಿಕೊಂಡವರು ಕೇಳುವ ಸಹಜ ಪ್ರಶ್ನೆ. ಬೆಳಕಿಗೆ ಇದು ಸಲ್ಲುವುದಿಲ್ಲ. ಕಡಿಮೆ ಡೋಸಿಗೆ ಏನೂ ಆಗದು, ನಡುವಿನ ಡೋಸಿಗೆ ಕೋಶ ಚುರುಕಾಗುತ್ತದೆ, ಅದನ್ನು ದಾಟಿದರೆ ಚುರುಕು ಕುಗ್ಗಿ ತಡೆಯೇ ಶುರುವಾಗುತ್ತದೆ. ಹೆಚ್ಚು ಕೊಟ್ಟರೆ ಹೆಚ್ಚು ಲಾಭ ಎಂಬ ನಂಬಿಕೆ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಕೆಡುಕು ಮಾಡಿದೆ. ಅಂದೂ 12 ಜೂಲೇ. 12ನೆಯ ದಿನ ಒಂದು, ಹೊಲಿಗೆ ಬಿಚ್ಚಿದ 14ನೆಯ ದಿನ ಒಂದು. ಒಟ್ಟು ಆರು ಸರದಿ, 72 ಜೂಲ್.

ಗಾಯ ಬಿಟ್ಟುಕೊಂಡದ್ದು

ಹತ್ತನೆಯ ದಿನವೇ ದಿಬ್ಬದ ಮೇಲೆ 3 ಮಿ.ಮೀ. ಉದ್ದಕ್ಕೆ ಒಸಡು ಬಿಟ್ಟುಕೊಂಡು ಪೊರೆ ಕಾಣುತ್ತಿತ್ತು. ಮೂಲ ಕಾರಣ ಆಗಲೇ ಹೇಳಿದ್ದು, ಸಾಕಷ್ಟು ಸಡಿಲಿಸದ ಒಸಡು. ಅದರ ಮೇಲೆ ಸೇರಿದ ಕಾರಣ ಊಟ. ಹೊಲಕ್ಕೆ ಹೋದವರಿಗೆ ಬುತ್ತಿಯಲ್ಲಿ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಪುಡಿ. "ಮೆತ್ತಗಿನ ಊಟ ಮಾಡಿ" ಎಂದು ಬರೆದುಕೊಟ್ಟ ಚೀಟಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೆಸರಿಟ್ಟು ಹೇಳಬೇಕು: ಮೂರು ವಾರ ಕಡಕ್ ರೊಟ್ಟಿ ಇಲ್ಲ, ಬೇಕಾದರೆ ಬಿಸಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಎಡಬದಿಯಲ್ಲಿ. ಗುರೆಳ್ಳು, ಅಗಸಿ, ಶೇಂಗಾ ಪುಡಿ ಇಲ್ಲ, ಕಾಳು ಗಾಯದ ಸಂದಿಗೆ ಸೇರಿ ಕೊಳೆಯುತ್ತದೆ. ಜೋಳದ ನುಚ್ಚು, ಮಜ್ಜಿಗೆ, ಅನ್ನ-ಬೇಳೆ ಆಗಬಹುದು. ಸಕ್ಕರೆ ಕಾಯಿಲೆ ಇರುವುದರಿಂದ ಮೂರು ಹೊತ್ತೂ ಗಂಜಿ ಕುಡಿದು ಸಕ್ಕರೆ ಏರಿಸಿಕೊಳ್ಳಬಾರದು ಎಂಬುದನ್ನೂ ಸೇರಿಸಬೇಕು.

ಬಿಟ್ಟುಕೊಂಡ ಒಸಡನ್ನು ಮತ್ತೆ ಹೊಲಿಯಲಿಲ್ಲ. ಊದಿದ ಅಂಚಿಗೆ ದಾರ ಹಾಕಿದರೆ ಹರಿದು ತೂತು ದೊಡ್ಡದಾಗುತ್ತದೆ. ಕೀವಿಲ್ಲ, ನೋವಿಲ್ಲ, ಹರಳು ಅಲುಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, 0.2 ಪರ್ಸೆಂಟ್ ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ. ದಿನಕ್ಕೆರಡು ಸಲ, ಜೆಲ್ ಲೇಪ. 24ನೆಯ ದಿನಕ್ಕೆ ಒಸಡು ತಾನಾಗಿ ಮುಚ್ಚಿತು. ಬೆಳಕಿನ ಬೆಂಬಲವಿದ್ದದ್ದಕ್ಕೆ ಮುಚ್ಚಿತೇ ಎಂದು ಕೇಳಿದರೆ, ಇಷ್ಟು ಚಿಕ್ಕ ತೂತು ಬೆಳಕಿಲ್ಲದೆಯೂ ಮುಚ್ಚುವುದುಂಟು.

ಆರು ತಿಂಗಳ ನಂತರ

ಸಿಬಿಸಿಟಿಯಲ್ಲಿ ದಿಬ್ಬದ ಅಗಲ 7.2 ಮಿ.ಮೀ., ದಿಬ್ಬದ ಮೇಲ್ತುದಿಯಿಂದ ನರದ ಕಾಲುವೆಗೆ 14 ಮಿ.ಮೀ. ಜಾಗವೆಲ್ಲ ಬೆಳ್ಳಗೆ ಕಾಣುತ್ತಿತ್ತು. ಈ ಬಿಳುಪನ್ನು ನಂಬಬಾರದು. ಹೈಡ್ರಾಕ್ಸಿಅಪಟೈಟ್ ಹರಳು ಡಬ್ಬಿಯಲ್ಲಿದ್ದಾಗಲೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಅದರ ಸುತ್ತ ಎಲುಬು ಬೆಳೆದಿದೆಯೇ, ನಾರು ಬೆಳೆದಿದೆಯೇ ಎಂಬುದನ್ನು ಚಿತ್ರ ಹೇಳದು. "ಲೇಸರ್ ಕೊಟ್ಟ ಮೇಲೆ ಸಾಂದ್ರತೆ ಹೆಚ್ಚಿತು" ಎಂದು ಎಕ್ಸ್‌ರೇ ತೋರಿಸುವವರನ್ನು ಮೊದಲು ಕೇಳಬೇಕಾದದ್ದು ಯಾವ ಗ್ರಾಫ್ಟ್ ಹಾಕಿದ್ದೀರಿ ಎಂದು.

ತೆರೆದಾಗ ಒಸಡು ಬಿಟ್ಟುಕೊಂಡಿದ್ದ ಜಾಗದಲ್ಲಿ ಮೇಲಿನ 1.5 ಮಿ.ಮೀ. ಸಡಿಲ ಹರಳು, ನಾರು. ಕೆರೆದು ತೆಗೆದ ಮೇಲೆ ಕೆಳಗೆ ಗಟ್ಟಿ, ರಕ್ತ ಜಿನುಗುವ ಎಲುಬು. ಇಂಪ್ಲಾಂಟ್ ಕೂರಿಸುವ ಜಾಗದಿಂದಲೇ 2 ಮಿ.ಮೀ. ಒಳವ್ಯಾಸದ ಟೊಳ್ಳಾದ ಡ್ರಿಲ್, ಅಂದರೆ ಟ್ರೆಫೈನ್‌ನಲ್ಲಿ ಒಂದು ತಿರುಳು ತೆಗೆದು ಪರೀಕ್ಷೆಗೆ ಕಳಿಸಲಾಯಿತು. ಹರಳುಗಳ ನಡುವೆ ಜೀವಂತ ಹೊಸ ಎಲುಬು, ಕೆಲವು ಕರಗದ ಹರಳು, ಉರಿಯೂತವಿಲ್ಲ ಎಂದು ವರದಿ. ಎಲುಬು 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಹಾಳಾಗುತ್ತದೆ ಎಂಬುದು 1983ರಿಂದ ಗೊತ್ತಿರುವ ಮಾತು. ಹೊಸ ಎಲುಬಿನಲ್ಲಿ ಹರಳು ಡ್ರಿಲ್ಲಿಗೆ ಉಜ್ಜಿ ಬಿಸಿ ಬೇಗ ಏರುವುದರಿಂದ 800 ಆರ್‌ಪಿಎಂ, ತಣ್ಣನೆಯ ಸಲೈನ್, ಬಿಟ್ಟು ಬಿಟ್ಟು ಕೊರೆಯುವುದು.

14ರಲ್ಲಿ ಕೆರೆದ 1.5 ಕಳೆದರೆ 12.5. 4.2 × 10 ಮಿ.ಮೀ. ಇಂಪ್ಲಾಂಟ್ ಕೂರಿಸಿದಾಗ ನರಕ್ಕೆ 2.5 ಮಿ.ಮೀ. ಅಂತರ ಉಳಿಯಿತು. ಇರಬೇಕಾದ್ದು ಕನಿಷ್ಠ 2. ಒಸಡು ಬಿಟ್ಟುಕೊಂಡು ಹೋದ 1.5 ಮಿ.ಮೀ. ಸಣ್ಣದೆನಿಸಬಹುದು. ಇನ್ನೊಂದು ಮಿ.ಮೀ. ಹೋಗಿದ್ದರೆ 10ರ ಇಂಪ್ಲಾಂಟ್ ಕೂರುತ್ತಿರಲಿಲ್ಲ. ಕೂರಿಸುವಾಗಿನ ತಿರುವು ಬಲ 32 ನ್ಯೂಟನ್ ಸೆಂ.ಮೀ., ಸ್ಥಿರತೆಯ ಐಎಸ್‌ಕ್ಯೂ ಅಂಕ (ಹೆಚ್ಚಿದಷ್ಟೂ ಇಂಪ್ಲಾಂಟ್ ಗಟ್ಟಿ) 68. ಹತ್ತು ವಾರದ ನಂತರ 74 ಆದಾಗ ಸ್ಕ್ರೂ ಹಾಕಿ ಬಿಗಿಯುವ ಹಲ್ಲು ಕೂರಿಸಲಾಯಿತು. ಈ ಹಂತದಲ್ಲಿ ಬೆಳಕು ಕೊಡಲಿಲ್ಲ, ಅಗತ್ಯ ಕಾಣಲಿಲ್ಲ.

ಬೆಳಕಿನ ಪಾಲು ಎಷ್ಟು

ಒಬ್ಬ ರೋಗಿ, ಹೋಲಿಸಲು ಬೆಳಕು ಕೊಡದ ಇನ್ನೊಂದು ಬದಿ ಇಲ್ಲ. ಹಾಗಾಗಿ 7.2 ಮಿ.ಮೀ.ಯಲ್ಲಿ ಬೆಳಕಿನ ಪಾಲು ಇಷ್ಟು ಎಂದು ಬೇರ್ಪಡಿಸಲಾಗದು. ಇಲಿ, ಮೊಲಗಳ ಮೇಲಿನ ಪ್ರಯೋಗಗಳಲ್ಲಿ ಗ್ರಾಫ್ಟ್ ಜೊತೆ ಅವಗೆಂಪು ಬೆಳಕು ಕೊಟ್ಟಾಗ ಆರಂಭದ ವಾರಗಳಲ್ಲಿ ಹೊಸ ಎಲುಬು ಹೆಚ್ಚು ಕಂಡದ್ದು ಹಲವು ಕಡೆ ಇದೆ. ಆದರೆ ಇಲಿಯ ತಲೆಬುರುಡೆಯ ಮೇಲಿನ ಚರ್ಮ ಎಷ್ಟು ತೆಳು, ನಮ್ಮ ಕೆಳದವಡೆಯ ಹೊರಪದರ ಎಷ್ಟು ದಪ್ಪ ಎಂಬುದನ್ನು ಮರೆತು ಆ ಫಲವನ್ನು ಇಲ್ಲಿಗೆ ತರುವಂತಿಲ್ಲ. ಮನುಷ್ಯರ ಮೇಲಿನ ಅಧ್ಯಯನಗಳು ಚಿಕ್ಕವು, ಒಂದರ ಡೋಸು ಇನ್ನೊಂದಕ್ಕೆ ಹೊಂದುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ಬಾಯಿಹುಣ್ಣು ತಡೆಯಲು ಇದೇ ಬೆಳಕಿಗೆ ಅಂತರರಾಷ್ಟ್ರೀಯ ಶಿಫಾರಸೇ ಇದೆ. ಎಲುಬಿನ ವಿಷಯದಲ್ಲಿ ಆಧಾರ ಆ ಮಟ್ಟಕ್ಕೆ ಬಂದಿಲ್ಲ.

ಇಷ್ಟಾದರೂ ಸಕ್ಕರೆ ಕಾಯಿಲೆಯ ಇಂಥ ರೋಗಿಯಲ್ಲಿ ಬೆಳಕನ್ನು ಬಿಡಬೇಕೆಂದು ನಮಗೆ ಅನಿಸುವುದಿಲ್ಲ. ಸರಿಯಾದ ಡೋಸಿನಲ್ಲಿ ಅಪಾಯ ಅತಿ ಕಡಿಮೆ, ನೋವು ಮತ್ತು ಊತ ತಗ್ಗುವ ಸಾಧ್ಯತೆ ಇದೆ. ಈ ರೋಗಿ ಪ್ಯಾರಸಿಟಮಾಲ್ ನುಂಗಿದ್ದು ಎರಡೇ ದಿನ. ಆದರೆ ಹೋಗಿಬರುವ ದಾರಿ ದೂರವಿದ್ದವರಿಗೆ, ಆಳಿನ ಕೂಲಿ ಕಳೆದುಕೊಳ್ಳುವವರಿಗೆ, ಬೆಳಕಿಲ್ಲದೆಯೂ ಗ್ರಾಫ್ಟ್ ಹಿಡಿಯುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಏಳು ಸರದಿಗೆ ಖರ್ಚಾಗುವ ಗಮನದಲ್ಲಿ ಅರ್ಧವನ್ನು ಒಸಡು ಸಡಿಲಿಸುವ ಆ ಹತ್ತು ನಿಮಿಷಕ್ಕೆ ಕೊಟ್ಟಿದ್ದರೆ 1.5 ಮಿ.ಮೀ. ಉಳಿಯುತ್ತಿತ್ತು.

ಹಲ್ಲು ಕೂರಿಸಿದ ಒಂದು ವರ್ಷಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಇಂಪ್ಲಾಂಟ್ ಸುತ್ತಲಿನ ಎಲುಬಿನ ಮಟ್ಟ ಅರ್ಧ ಮಿ.ಮೀ.ಗಿಂತ ಹೆಚ್ಚು ಇಳಿದಿಲ್ಲ. ಆದರೆ ಎಚ್‌ಬಿಎ1ಸಿ ಮತ್ತೆ 8.1ಕ್ಕೆ ಏರಿದೆ, ಸಲಾಕೆ ತಾಗಿಸಿದರೆ ಇಂಪ್ಲಾಂಟಿನ ಹಿಂಬದಿಯ ಒಸಡಿನಲ್ಲಿ ರಕ್ತ ಬರುತ್ತಿದೆ. ಜಾಗ ಸ್ವಚ್ಛ ಮಾಡಿ, ಸಂದಿ ತಿಕ್ಕುವ ಸಣ್ಣ ಬ್ರಷ್ ಕೊಟ್ಟು, ಹಿಡಿಯುವುದು ಹೇಗೆಂದು ಕನ್ನಡಿ ಮುಂದೆ ತೋರಿಸಿ, ಫಿಜಿಶಿಯನ್‌ಗೆ ಚೀಟಿ ಬರೆಯಲಾಗಿದೆ. ಆರು ತಿಂಗಳಿಗೊಮ್ಮೆ ಇದ್ದ ಭೇಟಿಯನ್ನು ನಾಲ್ಕು ತಿಂಗಳಿಗೆ ಇಳಿಸಿದೆ, ಮುಂದಿನದು ಹೆಸರು ಬಿಡಿಸುವ ಕೆಲಸ ಶುರುವಾಗುವ ಮುನ್ನ.